ಕರೆಯೋಲೆ ಹಿಂದಿನ ನೋಟ್ಸ್

ಕೊಡಗಿನಲ್ಲಿ ಫೆಬ್ರುವರಿ ಬಂತೆಂದರೆ ಎರಡು ಚಿಂತೆ. ಕಣದಲ್ಲಿ ಕಾಫಿ, ಮನೆಯಲ್ಲಿ ಎಸ್ಸೆಸ್ಸೆಲ್ಸಿ. ರೊಬಸ್ಟಾ ಕುಯ್ಲು ಮುಗಿಯುವುದೂ ಪೂರ್ವಸಿದ್ಧತಾ ಪರೀಕ್ಷೆ ಬರುವುದೂ ಒಟ್ಟಿಗೇ. ದೊಡ್ಡವರೆಲ್ಲ ತೋಟದಲ್ಲಿರುತ್ತಾರೆ. ಮಕ್ಕಳು ಪುಸ್ತಕ ಹಿಡಿದು ಕೂತಿದ್ದಾರೆ ಅಂದರೆ ಓದುತ್ತಿದ್ದಾರೆ ಅಂತಲೇ ಲೆಕ್ಕ. ಏನು ಓದುತ್ತಿದ್ದಾರೆ ಅಂತ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

ಅಕ್ಕನ ಮನೆ ಸುಂಟಿಕೊಪ್ಪದ ಹತ್ತಿರ. ನಾನಿರುವುದು ಮಡಿಕೇರಿಯಲ್ಲಿ. ಒಂದು ಶನಿವಾರ ರಾತ್ರಿ ಅಕ್ಕ ಫೋನ್ ಮಾಡಿದಳು. "ಇವಳು ದಿನಾ ಹನ್ನೊಂದು ಗಂಟೆ ತನಕ ನೋಟ್ಸ್ ಬರೀತಾ ಕೂತಿರ್ತಾಳೆ ಕಣೇ. ಆದ್ರೂ ಸಮಾಜದಲ್ಲಿ ಮಾರ್ಕ್ಸ್ ಬಂದಿಲ್ಲ. ನೀನೊಂದ್ಸಲ ಬಂದು ನೋಡು" ಅಂದಳು. ಮರುದಿನ ಬೆಳಗಿನ ಬಸ್ಸಿಗೇ ಹೊರಟೆ.

ಅಕ್ಕನ ಮಗಳು ಪುಟ್ಟಿ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಸುತ್ತ ದಪ್ಪ ದಪ್ಪ ನೋಟ್‌ಬುಕ್ಕು, ಗೈಡು, ಶಾಲೆಯಲ್ಲಿ ಕೊಟ್ಟ ಪಾಸಿಂಗ್ ಪ್ಯಾಕೇಜಿನ ಜೆರಾಕ್ಸು. ಸಮಾಜ ವಿಜ್ಞಾನದ ನೋಟ್‌ಬುಕ್ ತೆಗೆದು ನೋಡಿದೆ. ಎಷ್ಟು ಚೆಂದ ಅಂದರೆ, ನಿಜವಾಗಿಯೂ ಯಾರಿಗಾದರೂ ತೋರಿಸಬೇಕು ಅನ್ನಿಸಿತು. ತಲೆಬರಹ ಕೆಂಪು ಪೆನ್ನಿನಲ್ಲಿ, ಇಸವಿಗಳು ಹಸಿರಿನಲ್ಲಿ, ಹೆಸರುಗಳು ನೇರಳೆಯಲ್ಲಿ. ಅಂಚಿನಲ್ಲಿ ಬಳ್ಳಿಯ ಚಿತ್ರ ಬೇರೆ. ಪಕ್ಕದಲ್ಲಿ ಪಠ್ಯಪುಸ್ತಕ ತೆರೆದಿಟ್ಟು ಹೋಲಿಸಿದೆ. ವಾಕ್ಯಕ್ಕೆ ವಾಕ್ಯ ಅದೇ. ಪುಸ್ತಕದಲ್ಲಿ ಎರಡು ಪುಟ ಇದ್ದ ಪಾಠ ನೋಟ್ಸಿನಲ್ಲಿ ಮೂರು ಪುಟ ಆಗಿತ್ತು. ಅಕ್ಷರ ದೊಡ್ಡದಲ್ವಾ!

"ಇದನ್ನ ಮುಚ್ಚಿಡು. ಆಂಗ್ಲೋ-ಮೈಸೂರು ಯುದ್ಧಗಳು ಎಷ್ಟು, ಯಾವ್ಯಾವಾಗ ಆದವು, ಹೇಗೆ ಮುಗಿದವು, ಹೇಳು" ಅಂದೆ.

"ನಾಲ್ಕು" ಅಂದಳು ತಟ್ಟನೆ. ಆಮೇಲೆ ಎಲ್ಲ ಕಲಸುಮೇಲೋಗರ. ಮದ್ರಾಸು ಒಪ್ಪಂದ ಎರಡನೇ ಯುದ್ಧಕ್ಕೆ ಹೋಯಿತು, ಶ್ರೀರಂಗಪಟ್ಟಣ ಒಪ್ಪಂದ ಟಿಪ್ಪು ಸತ್ತ ಮೇಲೆ ಬಂತು. "ಹಸಿರಲ್ಲಿ ಬರ್ದಿದ್ದೆ ಚಿಕ್ಕಮ್ಮ, ಪುಟದ ಎಡಗಡೆ ಕೆಳಗಿತ್ತು" ಅಂದಳು. ಪುಟ ಎಲ್ಲ ಕಣ್ಣ ಮುಂದೆ ಬರುತ್ತಿತ್ತು. ಇಸವಿ ಮಾತ್ರ ಬರುತ್ತಿರಲಿಲ್ಲ.

ಈ ಬಣ್ಣಬಣ್ಣದ ನೋಟ್ಸಿನ ಹುಚ್ಚು ಈಗ ಎಲ್ಲ ಕಡೆ ಇದೆ. ಬರೆಯುತ್ತಿರುವಾಗ ಓದುತ್ತಿದ್ದೇವೆ ಅನ್ನಿಸುತ್ತದೆ. ಕೈ ನೋಯುತ್ತದೆ, ಹಾಗಾಗಿ ಕಷ್ಟಪಟ್ಟಿದ್ದೇವೆ ಅಂತಲೂ ಅನ್ನಿಸುತ್ತದೆ. ಆದರೆ ನಕಲು ಮಾಡುವ ಕೆಲಸ ಕೈಯದ್ದು. ತಲೆಗೆ ಅಲ್ಲಿ ಕೆಲಸವೇ ಇಲ್ಲ. ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿ ಮುಚ್ಚಿಟ್ಟು ನೆನಪು ಮಾಡಿಕೊಂಡು ಬರೆದವರಿಗೆ ವಾರದ ನಂತರ ಜಾಸ್ತಿ ನೆನಪಿತ್ತು. ಇದನ್ನು ಪುಟ್ಟಿಗೆ ಹೇಳಿದೆ. ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. "ಹಂಗಾದ್ರೆ ಇದೆಲ್ಲ ವೇಸ್ಟಾ?" ಅಂತ ನೋಟ್‌ಬುಕ್ಕಿನ ರಾಶಿ ನೋಡಿದಳು.

ವೇಸ್ಟ್ ಅಂತ ಹೇಳೋಕೆ ನನಗೂ ಮನಸ್ಸು ಬರಲಿಲ್ಲ. ಇದರಿಂದಲೇ ಚಿಕ್ಕದು ಮಾಡೋಣ ಅಂದೆ. ಕಾರ್ಡು ಬೇಕಿತ್ತು. ಅಕ್ಕ ಬೀರುವಿನ ಕೆಳಗಿಂದ ಹಳೆಯ ಮದುವೆ ಕರೆಯೋಲೆಗಳ ಕಟ್ಟು ತೆಗೆದುಕೊಟ್ಟಳು. ನಮ್ಮಲ್ಲಿ ಯಾರೂ ಕರೆಯೋಲೆ ಬಿಸಾಡುವುದಿಲ್ಲ, ಯಾಕೆ ಅಂತ ಗೊತ್ತಿಲ್ಲ. ಹಿಂಭಾಗ ಖಾಲಿ ಇದ್ದದ್ದನ್ನೆಲ್ಲ ಆರಿಸಿ ಅಂಗೈಯಷ್ಟು ಅಗಲಕ್ಕೆ ಕತ್ತರಿಸಿದೆವು. ಮುಂದುಗಡೆ ಚಿನ್ನದ ಬಣ್ಣದ ಗಣಪತಿ, ಹಿಂದುಗಡೆ ಹೈದರಾಲಿ.

ನಾನು ಇಟ್ಟದ್ದು ಒಂದೇ ಷರತ್ತು. ಕಾರ್ಡ್ ಬರೆಯುವಾಗ ಪುಸ್ತಕ ಮುಚ್ಚಿರಬೇಕು. ನೆನಪಾಗದಿದ್ದರೆ ತೆಗೆದು ನೋಡಬಹುದು, ಆದರೆ ಮತ್ತೆ ಮುಚ್ಚಿಯೇ ಬರೆಯಬೇಕು. ಮೊದಲ ಕಾರ್ಡಿಗೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಹೀಗಾಯಿತು: 1767–69, ಮದ್ರಾಸು ಒಪ್ಪಂದ. 1780–84, ಮಂಗಳೂರು ಒಪ್ಪಂದ. 1790–92, ಶ್ರೀರಂಗಪಟ್ಟಣ ಒಪ್ಪಂದ, ಅರ್ಧ ರಾಜ್ಯ ಹೋಯ್ತು, ಇಬ್ಬರು ಮಕ್ಕಳು ಒತ್ತೆ. 1799, ಟಿಪ್ಪು ಮರಣ. ನಾಲ್ಕೇ ಸಾಲು. ಎರಡನೆಯದಕ್ಕೆ ಕಾರಣ ಮಾಹೆ (ಬ್ರಿಟಿಷರು ಹಿಡಿದ ಫ್ರೆಂಚರ ಬಂದರು), ಮೂರನೆಯದಕ್ಕೆ ತಿರುವಾಂಕೂರು (ಟಿಪ್ಪು ದಾಳಿ ಮಾಡಿದ ರಾಜ್ಯ) ಅಂತ ಪಕ್ಕದಲ್ಲಿ ಒಂದೊಂದೇ ಪದ. "ಎರಡನೇದು ನಡೀತಿರುವಾಗ್ಲೇ ಹೈದರಾಲಿ ಸತ್ತಿದ್ದು ಅಲ್ವಾ, 1782? ಅದಕ್ಕೇ ಮಂಗಳೂರು ಒಪ್ಪಂದ ಟಿಪ್ಪು ಮಾಡಿದ್ದು" ಅಂತ ತಾನೇ ಹೇಳಿದಳು. ಮೂರು ಪುಟದ ನೋಟ್ಸ್ ಬರೆಯುವಾಗ ಇದು ಹೊಳೆದಿರಲಿಲ್ಲ.

ಅಮರ ಸುಳ್ಯದ ಬಂಡಾಯಕ್ಕೆ ಬಂದಾಗ ಅಜ್ಜ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಭಾವನ ಅಪ್ಪ ಅವರು, ಎಂಬತ್ತು ದಾಟಿದೆ. 1834ರಲ್ಲಿ ಬ್ರಿಟಿಷರು ಚಿಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾಕ್ಕೆ ಸೇರಿಸಿದರು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಿ ಅಂದರು. 1837ರಲ್ಲಿ ರೈತರು ಎದ್ದು ಮಂಗಳೂರಿನ ತನಕ ಹೋದರು. ಅಜ್ಜ ಇದನ್ನು ಕತೆ ಮಾಡಿ ಹೇಳತೊಡಗಿದರೆ ಕಾರ್ಡಿನಲ್ಲಿ ಜಾಗ ಎಲ್ಲಿ ಸಾಕಾಗಬೇಕು? ಪುಟ್ಟಿ ಮಾತ್ರ ಜಾಣತನ ತೋರಿಸಿದಳು. ಬಂಡಾಯದ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರ ಹೆಸರು ಬರೆಯಲೇ ಇಲ್ಲ. "ಮಡಿಕೇರಿಗೆ ಹೋದಾಗೆಲ್ಲ ಪ್ರತಿಮೆ ನೋಡ್ತೀನಲ್ಲ. ಅದು ಮರೆಯಲ್ಲ. ಕಂದಾಯದ ಕಾರಣ ಮರೆಯುತ್ತೆ, ಅದನ್ನ ಬರೀತೀನಿ" ಅಂದಳು. ಗೊತ್ತಿರುವುದನ್ನು ಬಿಡುವುದು ನಾನು ಹೇಳಿಕೊಡಬೇಕು ಅಂದುಕೊಂಡಿದ್ದ ಪಾಠ. ಅವಳೇ ಶುರು ಮಾಡಿದ್ದಳು.

ವಿಜ್ಞಾನದಲ್ಲಿ ಕಣ್ಣಿನ ದೋಷ ಅವಳಿಗೆ ಪ್ರತಿಸಲವೂ ಅದಲುಬದಲು. ಸಮೀಪದೃಷ್ಟಿ ಅಂದರೆ ಹತ್ತಿರದ್ದು ಕಾಣದ್ದೋ, ದೂರದ್ದು ಕಾಣದ್ದೋ? ಯಾವುದಕ್ಕೆ ನಿಮ್ನ ಮಸೂರ, ಯಾವುದಕ್ಕೆ ಪೀನ? ನನ್ನ ಕನ್ನಡಕ ತೆಗೆದುಕೊಟ್ಟೆ. ನನಗೆ ದೂರದ ಬಸ್ಸಿನ ಬೋರ್ಡ್ ಕಾಣುವುದಿಲ್ಲ, ಪುಸ್ತಕ ಕಾಣುತ್ತದೆ, ಅದೇ ಸಮೀಪದೃಷ್ಟಿ. ಅಜ್ಜನಿಗೆ ಪೇಪರ್ ಓದೋಕೆ ಕನ್ನಡಕ ಬೇಕು, ತೋಟದ ತುದಿಯಲ್ಲಿ ಯಾರು ಬರುತ್ತಿದ್ದಾರೆ ಅಂತ ಹಾಗೇ ಹೇಳುತ್ತಾರೆ. ಎರಡನ್ನೂ ಒಂದೊಂದಾಗಿ ಅಕ್ಷರದ ಮೇಲೆ ಹಿಡಿದು ನೋಡಿದಳು. ಅಜ್ಜನ ಗಾಜಿನಲ್ಲಿ ಅಕ್ಷರ ಉಬ್ಬಿತು, ನನ್ನದರಲ್ಲಿ ಕುಗ್ಗಿತು. ಕಾರ್ಡಿನ ಮೇಲೆ "ಚಿಕ್ಕಮ್ಮ – ನಿಮ್ನ, ಅಜ್ಜ – ಪೀನ" ಅಂತ ಬರೆದು ಕೆಳಗೆ ಗೆರೆ ಎಳೆದಳು. ಅಜ್ಜನದ್ದು ವಯಸ್ಸಿನಿಂದ ಬಂದದ್ದು, ಅದಕ್ಕೆ ಪಠ್ಯದಲ್ಲಿ ಪ್ರೆಸ್‌ಬಯೋಪಿಯಾ ಅಂತ ಬೇರೆ ಹೆಸರಿದೆ. ಅದನ್ನೂ ಮೂಲೆಯಲ್ಲಿ ಸೇರಿಸಿದಳು.

ಗಣಿತಕ್ಕೆ ಕಾರ್ಡ್ ಬೇಡ ಅಂದೆ. ಸೂತ್ರಗಳದ್ದು ಒಂದು ಹಾಳೆ ಸಾಕು, ಉಳಿದ ಹೊತ್ತಿನಲ್ಲಿ ಲೆಕ್ಕ ಮಾಡಬೇಕು. ಕನ್ನಡದಲ್ಲಿ ಛಂದಸ್ಸಿಗೆ ಮಾತ್ರ ಒಂದೆರಡು ಮಾಡಿದೆವು.

ಮಧ್ಯಾಹ್ನ ಊಟ ಆಗಿ ಸ್ವಲ್ಪ ಹೊತ್ತಿಗೆ ಬಿಸಿಲು ಹೋಯಿತು. ಕಣದಿಂದ ಭಾವ ಕೂಗಿದರು, "ಟಾರ್ಪಾಲ್ ತನ್ನಿ, ಬೇಗ ಬನ್ನಿ!" ಓದು, ನೋಟ್ಸು ಎಲ್ಲ ಅಲ್ಲೇ ಬಿಟ್ಟು ಓಡಿದೆವು. ಒಣಗಿದ ಕಾಫಿ ನೆನೆದರೆ ಬೂಷ್ಟು ಹಿಡಿಯುತ್ತದೆ, ರೇಟು ಬೀಳುತ್ತದೆ. ಗೋರುಮಣೆಯಲ್ಲಿ ಎಳೆದು ಎಳೆದು ರಾಶಿ ಮಾಡಿದೆವು. ಟಾರ್ಪಾಲಿನ ಮೂಲೆಗೆ ಕಲ್ಲು ಹೇರಿದೆವು. ಅಷ್ಟು ಮಾಡಿದ್ದಕ್ಕೆ ಬಿದ್ದದ್ದು ನಾಲ್ಕು ಹನಿ. ಬೀಸಿದ್ದು ಮಾತ್ರ ಜೋರು ಗಾಳಿ. ಭಾವನಿಗೆ ಸಮಾಧಾನವೂ ಆಯಿತು, ಬೇಜಾರೂ ಆಯಿತು. ಕಣಕ್ಕೆ ಮಳೆ ಬೇಡ, ಆದರೆ ಕುಯ್ದಾದ ಗಿಡಕ್ಕೆ ಹೂ ಅರಳಿಸುವ ಹೂಮಳೆ ಬೇಕು. ಅದೂ ಒಂದು ಇಂಚಾದರೂ ಬೇಕು, ಅರೆಬರೆ ಬಂದರೆ ಮೊಗ್ಗು ಕೆಡುತ್ತದೆ.

ಜಗಲಿಗೆ ಬಂದು ನೋಡಿದರೆ ಕಾರ್ಡುಗಳೆಲ್ಲ ಅಂಗಳದ ತುಂಬ. ಕೆಲವು ದಾಸವಾಳದ ಗಿಡದಲ್ಲಿ, ಒಂದು ನಾಯಿಯ ಬಟ್ಟಲಲ್ಲಿ. ಅಜ್ಜ ಕೋಲಿನ ತುದಿಯಿಂದ ಒತ್ತಿ ಹಿಡಿದು ಒಂದೊಂದೇ ಹೆಕ್ಕುತ್ತಿದ್ದರು. ಇತಿಹಾಸ, ಭೂಗೋಳ, ಜೀವಶಾಸ್ತ್ರ ಎಲ್ಲ ಸೇರಿ ಒಂದು ಕಂತೆ. ಪುಟ್ಟಿಯ ಮುಖ ಅಳುವಂತಾಯಿತು.

ಮತ್ತೆ ಜೋಡಿಸಲು ಕೂತಾಗ ಒಂದು ಗೊತ್ತಾಯಿತು. ಕೆಲವು ಕಾರ್ಡು ಎಲ್ಲಿಯದು ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ಕೆಲವು ಅವಳಿಗೇ ತಿಳಿಯಲಿಲ್ಲ. "ಇದರಿಂದ ರೈತರಿಗೆ ತೊಂದರೆಯಾಯಿತು" ಅಂತ ಒಂದು ಕಾರ್ಡು. ಯಾವುದರಿಂದ? ಬ್ರಿಟಿಷರ ಕಂದಾಯ ಪದ್ಧತಿಗಳಲ್ಲಿ ಕಾಯಂ ಜಮೀನ್ದಾರಿ ಪದ್ಧತಿಯೋ, ರೈತವಾರಿಯೋ? ಅಂಥವನ್ನೆಲ್ಲ ಬೇರೆ ಇಟ್ಟು ತಲೆಯ ಮೇಲೆ ಒಂದು ಪ್ರಶ್ನೆ ಹಾಕಿ ಮತ್ತೆ ಬರೆದಳು. "ಕಾರ್ನ್‌ವಾಲಿಸ್ 1793ರಲ್ಲಿ ಬಂಗಾಳದಲ್ಲಿ ಏನು ತಂದ? ರೈತರಿಗೆ ಏನಾಯ್ತು?" ಉತ್ತರ ಕಾರ್ಡಿನ ಕೆಳಗೆ, ಕೈಯಲ್ಲಿ ಮುಚ್ಚಿಕೊಳ್ಳುವ ಹಾಗೆ.

ಪಾಠದ ಪ್ರಕಾರ ಜೋಡಿಸುವುದನ್ನು ನಾನೇ ಬೇಡ ಅಂದೆ. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಜರ್ಮನ್ ಪತ್ರಕರ್ತ 1972ರಲ್ಲಿ ಹೇಳಿದ ಡಬ್ಬಗಳ ಉಪಾಯ ನೆನಪಿತ್ತು. ಸರಿ ಹೇಳಿದ ಕಾರ್ಡು ಮುಂದಿನ ಡಬ್ಬಕ್ಕೆ ಹೋಗುತ್ತದೆ. ತಪ್ಪಿದ್ದು ಮೊದಲ ಡಬ್ಬಕ್ಕೇ ವಾಪಸು. ಮೊದಲನೆಯದು ದಿನಾ ನೋಡಬೇಕು, ಎರಡನೆಯದು ಎರಡು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಅಕ್ಕ ಅಡುಗೆಮನೆಯಿಂದ ಬಿಸ್ಕತ್ತಿನ ಡಬ್ಬ, ಖಾಲಿ ಟೀಪುಡಿ ಡಬ್ಬ, ಒಂದು ಸಿಹಿತಿಂಡಿ ಬಾಕ್ಸ್ ಕೊಟ್ಟಳು. ಟೀಪುಡಿ ಡಬ್ಬ ಯಾಕೆ ಇತ್ತು ಅಂತ ಭಾವ ಕೇಳಿದರು. ಕಾಫಿ ಬೆಳೆಯುವ ಮನೆ ನೋಡಿ!

ಬೆಲ್ಲದ ಕಾಫಿ ಕುಡಿಯುತ್ತ ಭಾವ ಗೋಡೆಯ ಮೊಳೆಯಿಂದ ತಮ್ಮ ಮಳೆ ಪುಸ್ತಕ ಇಳಿಸಿದರು. ಕೊಡಗಿನ ತೋಟದ ಮನೆಗಳಲ್ಲಿ ಇದು ಸಾಮಾನ್ಯ. ಮಳೆಮಾಪಕದಲ್ಲಿ ಅಳೆದು ದಿನಾಂಕ ಹಾಕಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ಪುಟ್ಟಿ ತಿರುವಿ ನೋಡಿದಳು. ವರ್ಷ ವರ್ಷವೂ ಬರೀ ಅಂಕಿ, ಎಲ್ಲೋ ಒಂದು ಕಡೆ "ಹೂಮಳೆ", ಇನ್ನೊಂದು ಕಡೆ "ದಾರಿ ಬಂದ್". ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟಿನ ಪುಟದಲ್ಲಿ ಅಂಕಿಗಳು ದೊಡ್ಡವಿದ್ದವು, ಮಾತು ಒಂದೂ ಇರಲಿಲ್ಲ. "ಅಪ್ಪ, ಇಷ್ಟೇ ಬರ್ದಿದ್ದೀರಾ?" ಅಂದಳು. "ಉಳಿದದ್ದು ಗೊತ್ತುಂಟಲ್ಲ" ಅಂದರು ಭಾವ. ಇವತ್ತಿನ ದಿನಾಂಕ ಹಾಕಿ ಮುಂದೆ ಸೊನ್ನೆ ಬರೆದು ಪುಸ್ತಕ ಮತ್ತೆ ನೇತುಹಾಕಿದರು.

ಸಂಜೆ ಬಸ್ಸಿಗೆ ಹೊರಡುವ ಹೊತ್ತಿಗೆ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮುಟ್ಟಿಯೇ ಇರಲಿಲ್ಲ. ರಸಾಯನಶಾಸ್ತ್ರ ಅರ್ಧ ಆಗಿತ್ತು. ಅವಳೇ ಮಾಡಿಕೊಳ್ಳುತ್ತೇನೆ ಅಂದಳು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ. ನಾನು ಮಾಡಿಕೊಟ್ಟ ಕಾರ್ಡು ನನಗೆ ನೆನಪಿರುತ್ತದೆ, ಅವಳಿಗಲ್ಲ. ಪಕ್ಕದ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಹುಡುಗಿ, ಇವಳ ಕ್ಲಾಸೇ, ಕಾರ್ಡುಗಳ ಫೋಟೋ ತೆಗೆದುಕೊಳ್ಳಲು ಬಂದಿದ್ದಳು. ಫೋಟೋ ಬೇಡ, ಇಬ್ಬರೂ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ ಅಂದೆ. ಅವಳು ತಲೆಯಾಡಿಸಿದಳು. ನಾನು ಚಪ್ಪಲಿ ಹಾಕುವಷ್ಟರಲ್ಲಿ ಫೋಟೋ ತೆಗೆದಾಗಿತ್ತು.

ಮುಂದಿನ ವಾರ ಪುಟ್ಟಿ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದಳು. ಡಬ್ಬ ಈಗ ನಾಲ್ಕಾಗಿತ್ತು. ನಾಲ್ಕನೆಯದರ ಮೇಲೆ "ಚಿಕ್ಕಮ್ಮನ್ನ ಕೇಳಬೇಕು" ಅಂತ ಚೀಟಿ ಅಂಟಿಸಿದ್ದಳು. ಅದರಲ್ಲಿದ್ದ ಮೊದಲ ಕಾರ್ಡು: "ಬಲಗೈ ಹೆಬ್ಬೆರಳು ಯಾವುದಕ್ಕೆ, ಫ್ಲೆಮಿಂಗ್ ಎಡಗೈ ಯಾವುದಕ್ಕೆ?" ಆಫೀಸಿನಲ್ಲಿ ಕೂತು ಎರಡೂ ಕೈಯ ಬೆರಳು ತಿರುಗಿಸಿ ನೋಡಿದೆ. ಪಕ್ಕದ ಟೇಬಲಿನವರು ಏನಾಯ್ತು ಮೇಡಂ ಅಂದರು. ಕೊನೆಗೆ ಬರೆದು ಕಳಿಸಿದೆ: ತಂತಿಯ ಸುತ್ತ ಕಾಂತಕ್ಷೇತ್ರ ಯಾವ ಕಡೆ ತಿರುಗುತ್ತೆ ಅನ್ನೋಕೆ ಬಲಗೈ, ಕಾಂತಕ್ಷೇತ್ರದಲ್ಲಿರುವ ತಂತಿಯನ್ನ ಬಲ ಯಾವ ಕಡೆ ತಳ್ಳುತ್ತೆ ಅನ್ನೋಕೆ ಎಡಗೈ.

"ಉದ್ದ ಆಯ್ತು ಚಿಕ್ಕಮ್ಮ" ಅಂತ ಉತ್ತರ ಬಂತು. "ನಾನು 'ಸುತ್ತೋದು ಬಲ, ತಳ್ಳೋದು ಎಡ' ಅಂತ ಬರ್ಕೋತೀನಿ."