ನಾಲ್ಕನೇ ಪುಸ್ತಕ

2024 ಜುಲೈ 21, ಭಾನುವಾರ
ನೀರ್ಚಾಲು

ಮಳೆ ಸ್ವಲ್ಪ ಹೊಳವಾದ ಹೊತ್ತು ನೋಡಿ ಅಣ್ಣನ ಮಗಳು ಓಡಿ ಬಂದಳು. ಓದಲು ಒಯ್ದಿದ್ದ ಅರ್ತ್‌ಸೀ ಕಾದಂಬರಿಗಳಿಗೆ ಎರಡೆರಡು ಪ್ಲಾಸ್ಟಿಕ್ ತೊಟ್ಟೆ ಸುತ್ತಿದ್ದಾಳೆ, ಅಷ್ಟು ಜಾಗ್ರತೆ ಉಂಟು. ಕೈಗೆ ಕೊಟ್ಟ ಕೂಡಲೇ ಕೇಳಿದ್ದು:

"ಮೂರೂ ಮುಗೀತು ಅತ್ತೆ. ನಾಲ್ಕನೇದು ಓದದಿದ್ರೂ ಆಗ್ತದಂತೆ, ಹೌದಾ?"

"ಯಾರು ಹೇಳಿದ್ದು?"

"ಕ್ಲಾಸಿನವಳ ಅಕ್ಕ. ಅದರಲ್ಲಿ ಮಂತ್ರ ಇಲ್ಲ, ಯುದ್ಧ ಇಲ್ಲ, ಬರೀ ಆಡು ಸಾಕುವುದು, ಪಾತ್ರೆ ತೊಳೆಯುವುದು ಅಂತೆ."

ಒಲೆಯ ಮೇಲಿದ್ದ ಚಾ ಉಕ್ಕಿ ಹೋಯಿತು. ಆರಿಸಿ ಬಂದು ಕೂತದ್ದು, ಮಾತು ಮುಗಿಯುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ಉರ್ಸುಲಾ ಕೆ. ಲೆ ಗ್ವಿನ್ ಅವರ ಅರ್ತ್‌ಸೀ ಎಂಬ ದ್ವೀಪಲೋಕದ ಮಂತ್ರವಾದಿ ಕಥೆಗಳ ಸರಣಿಯಲ್ಲಿ ಮೊದಲ ಮೂರು ಬೇಗ ಬೇಗ ಬಂದವು. 'ಎ ವಿಝರ್ಡ್ ಆಫ್ ಅರ್ತ್‌ಸೀ' 1968, 'ದ ಟೂಮ್ಸ್ ಆಫ್ ಅಟುವಾನ್' 1971, 'ದ ಫಾರ್ದೆಸ್ಟ್ ಶೋರ್' 1972. ನಾಲ್ಕನೆಯ 'ತೆಹಾನು' ಬಂದದ್ದು 1990ರಲ್ಲಿ. ನಡುವೆ 18 ವರ್ಷ. ಮೂರನ್ನು ಒಂದೇ ಉಸಿರಿಗೆ ಓದಿದವರು ನಾಲ್ಕನೆಯದಕ್ಕೆ ಕೈ ಹಾಕಿದರೆ ಎಡವುವುದು ಈ 18 ವರ್ಷಕ್ಕೆ. ಅದೇ ಗಾಂಟ್ ದ್ವೀಪ, ಅದೇ ಮಂತ್ರವಾದಿ ಗೆಡ್, ಎರಡನೆಯ ಪುಸ್ತಕದ ಹುಡುಗಿ ಅದೇ ತೆನಾರ್. ಆದರೆ ನೋಡುವ ಜಾಗ ಬದಲಾಗಿದೆ. ಮೊದಲು ಮಂತ್ರವಾದಿಯ ದೋಣಿಯಲ್ಲಿ ಕೂತು ಊರು ನೋಡುತ್ತಿದ್ದೆವು. ಈಗ ಅಡಿಗೆಮನೆಯ ಬಾಗಿಲಲ್ಲಿ ನಿಂತು ಮಂತ್ರವಾದಿ ಬರುವುದನ್ನು ನೋಡುತ್ತೇವೆ.

ಅವಳಿಗೆ ಹೇಳಿದೆ, ಮೊದಲ ಪುಸ್ತಕ ನೆನಪು ಮಾಡು. ರೋಕ್ ದ್ವೀಪದ ಮಂತ್ರವಿದ್ಯೆಯ ಶಾಲೆಯಲ್ಲಿ ಒಬ್ಬಳಾದರೂ ಹುಡುಗಿ ಕಲಿಯುವುದು ಕಂಡಿದ್ದೀಯಾ? ಗಾಂಟ್‌ನಲ್ಲಿ ಹೆಂಗಸರ ಮಾಟವನ್ನು ಹೀಗಳೆಯುವ ಗಾದೆಯೇ ಉಂಟು. ಗೆಡ್‌ಗೆ ಮೊದಲ ಮಂತ್ರ ಕಲಿಸಿದ್ದು ಹಳ್ಳಿಯ ಮಾಟಗಾತಿ ಚಿಕ್ಕಮ್ಮ, ಆದರೆ ದೊಡ್ಡ ಗುರುಗಳೆಲ್ಲ ಗಂಡಸರು. ಬರೆದ ಲೇಖಕಿಯೇ 18 ವರ್ಷದ ಮೇಲೆ ಹಿಂತಿರುಗಿ, ಈ ಲೋಕ ನಾನೇ ಕಟ್ಟಿದ್ದು, ಇಲ್ಲಿ ಅರ್ಧ ಜನ ಎಲ್ಲಿ ಹೋದರು ಎಂದು ಹುಡುಕಿದ ಪುಸ್ತಕ ಅದು.

"ಹಾಗಾದರೆ ಪಾತ್ರೆ ತೊಳೆಯುವುದು?"

ಅದೇ ಮುಖ್ಯ ಮಾರಾಯ್ತಿ. ತೆನಾರ್ ಈಗ ವಿಧವೆ, ರೈತನ ಹೆಂಡತಿಯಾಗಿ ಬಾಳಿದವಳು, ಸುಟ್ಟ ಮೈಯ ಒಂದು ಮಗುವನ್ನು ಸಾಕುತ್ತಿದ್ದಾಳೆ. ಗೆಡ್‌ನ ಶಕ್ತಿಯೆಲ್ಲ ಮೂರನೆಯ ಪುಸ್ತಕದಲ್ಲೇ ಖರ್ಚಾಗಿ ಹೋಗಿದೆ. ಸಮುದ್ರಕ್ಕೆ ಹೋಗಿದ್ದ ತೆನಾರ್‌ಳ ಮಗ ಮನೆಗೆ ಬಂದು, ಉಂಡ ಪಾತ್ರೆ ತೊಳೆಯುವುದು ಹೆಂಗಸರ ಕೆಲಸ ಎಂದು ಎದ್ದು ಹೋಗುತ್ತಾನೆ. ಒಂದು ಕಾಲದಲ್ಲಿ ಇಡೀ ದ್ವೀಪಸಮೂಹಕ್ಕೆ ದೊಡ್ಡವನಾಗಿದ್ದ ಗೆಡ್ ಅದೇ ಮನೆಯಲ್ಲಿ ಆ ಕೆಲಸ ಮಾಡುತ್ತಾನೆ. ಡ್ರ್ಯಾಗನ್ ಬರುವ ಪುಟಗಳಿಗಿಂತ ಇದು ನನಗೆ ದೊಡ್ಡದು. ಶಕ್ತಿ ಹೋದ ಮೇಲೆ ಗಂಡಸು ಏನು ಮಾಡಬೇಕು ಎಂಬುದಕ್ಕೆ ಬೇರೆ ಯಾವ ಮಂತ್ರವಾದಿಯ ಕಥೆಯಲ್ಲೂ ಇಷ್ಟು ನೇರವಾದ ಉತ್ತರ ಕಂಡಿಲ್ಲ.

ಶುರು ಮಾಡುವ ಮೊದಲು ಮೂರನೆಯದರ ಕೊನೆಯ ಅಧ್ಯಾಯ ಇನ್ನೊಮ್ಮೆ ಓದಬೇಕು, ಇದನ್ನು ಒತ್ತಿ ಹೇಳಿದೆ. ಅಲ್ಲಿ ಕಲೆಸ್ಸಿನ್ ಎಂಬ ಹಿರಿಯ ಡ್ರ್ಯಾಗನ್ ಗೆಡ್‌ನನ್ನು ಬೆನ್ನ ಮೇಲೆ ಹೊತ್ತು ಗಾಂಟ್ ಕಡೆಗೆ ಹಾರುತ್ತದೆ. ನಾಲ್ಕನೆಯದರಲ್ಲಿ ಅದೇ ಹಾರಾಟ ಬಂದು ಇಳಿಯುವುದು ತೆನಾರ್‌ಳ ಕಣ್ಣಿಗೆ ಕಾಣುತ್ತದೆ. ಮೂರನೆಯದರ ಕೊನೆಗೆ ಗೆಡ್ ಎಲ್ಲಿಗೆ ಹೋದ ಎಂಬುದಕ್ಕೆ ಎರಡು ಕಥೆ ಕೊಟ್ಟಿದ್ದಾರೆ. ದೋಣಿ ಏರಿ ಒಬ್ಬನೇ ಹೋದ ಎಂದು ಹಾಡು, ಬೆಟ್ಟದ ಕಾಡಿಗೆ ಹೋದ ಎಂದು ಗಾಂಟ್‌ನವರ ಮಾತು. ಇವೆರಡೂ ತಲೆಯಲ್ಲಿ ಹಸಿಯಾಗಿ ಇದ್ದರೇ 'ತೆಹಾನು' ಮನಸ್ಸಿಗೆ ತಾಗುವುದು.

ಅದರ ಹೊದಿಕೆಯ ಮೇಲೆ ಅರ್ತ್‌ಸೀಯ ಕೊನೆಯ ಪುಸ್ತಕ ಎಂದು ಅಚ್ಚಾಗಿದೆ, ಅದನ್ನು ನಂಬಿ ನಿಲ್ಲಿಸಬಾರದು. 2001ರಲ್ಲಿ ಇನ್ನೆರಡು ಬಂದವು. 'ಟೇಲ್ಸ್ ಫ್ರಮ್ ಅರ್ತ್‌ಸೀ' ಮೊದಲು, 'ದ ಅದರ್ ವಿಂಡ್' ಆಮೇಲೆ, ಓದುವುದೂ ಹಾಗೆಯೇ. ಮೊದಲಿನದರಲ್ಲಿ ಐದು ಕಥೆ. ಕೊನೆಯ 'ಡ್ರ್ಯಾಗನ್‌ಫ್ಲೈ' ಬಿಟ್ಟು ಹೋದರೆ ಮುಂದಿನ ಕಾದಂಬರಿಯಲ್ಲಿ ಬರುವ ಇರಿಯನ್ ಎಂಬವಳು ಯಾರು ಎಂದೇ ಸರಿಯಾಗಿ ಗೊತ್ತಾಗುವುದಿಲ್ಲ. ಕೆಲವರು ಕಾಲಾನುಕ್ರಮ ಎಂದು 'ದ ಫೈಂಡರ್' ಕಥೆಯನ್ನು ಎಲ್ಲಕ್ಕಿಂತ ಮೊದಲು ಓದಿಸುತ್ತಾರೆ, ಏಕೆಂದರೆ ರೋಕ್ ಶಾಲೆ ಹುಟ್ಟಿದ ಕಥೆ ಅದು. ಅದು ತಪ್ಪು. ಆ ಶಾಲೆ ಕಟ್ಟಿದವರಲ್ಲಿ ಹೆಂಗಸರಿದ್ದರು ಎಂದು ಮೊದಲೇ ಗೊತ್ತಾದರೆ, ಶಾಲೆ ಅದನ್ನು ಮರೆತದ್ದು ಎಂಬ ಪೆಟ್ಟು ತಾಗುವುದೇ ಇಲ್ಲ.

ಈ ಕಥೆಗಳಲ್ಲಿ ಯಾವುದರ ನಿಜದ ಹೆಸರು ಗೊತ್ತೋ ಅದರ ಮೇಲೆ ಹಿಡಿತ ಸಿಗುತ್ತದೆ. ಇದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ರಾತ್ರಿ ಹಾವನ್ನು ಹಾವು ಎನ್ನದೆ ಬಳ್ಳಿ ಎನ್ನುವ ಊರು ನಮ್ಮದು. ಹೆಸರು ಹಿಡಿದರೆ ಅದು ಕೇಳುತ್ತದೆ ಎಂದು ಅಜ್ಜಿ ಹೇಳಿದ್ದು ಅವಳಿಗೂ ಗೊತ್ತು.

ಬಣ್ಣದ ಮಾತು ಅವಳೇ ತೆಗೆದಳು. ಗೆಡ್ ಕೆಂಪು ಕಂದು ಬಣ್ಣದವನು, ಅವನ ಗೆಳೆಯ ವೆಚ್ ಕಪ್ಪು. ಬಿಳಿ ಮೈಯವರು ದಾಳಿಗೆ ಬರುವ ಕಾರ್ಗ್ ಜನ. ಆದರೂ ಎಷ್ಟೋ ಹೊದಿಕೆಗಳಲ್ಲಿ ಗೆಡ್‌ನನ್ನು ಬಿಳಿ ಮಾಡಿದರು, 2004ರ ಟಿವಿ ಸರಣಿಯಲ್ಲೂ ಹಾಗೇ ಮಾಡಿದರು. ಲೆ ಗ್ವಿನ್ ಅದನ್ನು ಲೇಖನ ಬರೆದೇ ಖಂಡಿಸಿದರು. ಇವಳು ಹೊದಿಕೆ ನೋಡಿ, "ಇದು ಗೆಡ್ ಅಲ್ಲ" ಎಂದು ಪಕ್ಕಕ್ಕೆ ಇಟ್ಟಳು. ಅಷ್ಟು ಸಾಕು ನನಗೆ.

ಎರಡನೆಯ ಪುಸ್ತಕದ ಬೆನ್ನು ಹೋಗಿದೆ. ಅವಳ ತಪ್ಪಲ್ಲ. ಪೇಪರ್‌ಬ್ಯಾಕಿಗೆ ಕಾಯಿಸಿ ಹಚ್ಚಿದ ಅಂಟು ವರ್ಷ ಹೋದಂತೆ ಗಡುಸಾಗಿ ಬಿರಿಯುತ್ತದೆ, ಅಲ್ಲಿಂದ ಹಾಳೆ ಒಂದೊಂದೇ ಉದುರುತ್ತದೆ. ಸೆಲ್ಲೋಟೇಪ್ ಮಾತ್ರ ಹಾಕಬಾರದು. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿದರೆ ಮತ್ತೆ ತೆಗೆಯಲು ಆಗುವುದಿಲ್ಲ. ಹಳೆಯ ಅಂಟನ್ನು ಮೊಂಡು ಚಾಕುವಿನಲ್ಲಿ ಕೆರೆದು ತೆಗೆಯಬೇಕು, ಪುಟಸಂಖ್ಯೆ ಎರಡು ಸಲ ನೋಡಬೇಕು, ಹಾಳೆಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಬೇಕು. ಎರಡು ಹಲಗೆಯ ನಡುವೆ ಹಿಡಿಯುವಾಗ ಬೆನ್ನಿನ ಕಡೆ ಒಂದು ಇಂಚು ಹೊರಗಿರಲಿ. ಅದನ್ನು ಎಡಕ್ಕೆ ಬಗ್ಗಿಸಿದರೆ ಹಾಳೆಗಳು ಬೀಸಣಿಗೆಯ ಹಾಗೆ ಸರಿದು, ಪ್ರತಿಯೊಂದರ ಅಂಚೂ ಕೂದಲೆಳೆಯಷ್ಟು ಹೊರಗೆ ಕಾಣುತ್ತದೆ. ಆಗ ಫೆವಿಕಾಲ್ ತೆಳ್ಳಗೆ ಸವರುವುದು. ಬಲಕ್ಕೆ ಬಗ್ಗಿಸಿ ಇನ್ನೊಮ್ಮೆ. ಹೀಗೆ ಮಾಡಿದರೆ ಪ್ರತಿ ಹಾಳೆಯೂ ಪಕ್ಕದ ಹಾಳೆಗೆ ಕಚ್ಚಿಕೊಳ್ಳುತ್ತದೆ. ಬರೀ ಬೆನ್ನ ಮೇಲೆ ಬಳಿದರೆ ವಾರದಲ್ಲಿ ಮತ್ತೆ ಉದುರುತ್ತದೆ.

ಹತ್ತು ಪಾಲು ಅಂಟಿಗೆ ಒಂದು ಪಾಲು ನೀರು ಸಾಕು. ನೀರು ಹೆಚ್ಚಾದರೆ ಕಾಗದ ಸುಕ್ಕುಗಟ್ಟುತ್ತದೆ, ಅಂಟು ದಪ್ಪವಾದರೆ ಒಳಗೆ ಇಳಿದು ಪುಟ ಪುಟ ಸೇರಿಕೊಳ್ಳುತ್ತದೆ. ಬೆನ್ನಿಗೆ ಒಂದು ಪಟ್ಟಿ ಗಾಝ್ ಬಟ್ಟೆ ಹಚ್ಚಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ, ಪೇಪರ್ ಸುತ್ತಿದ ಎರಡು ಇಟ್ಟಿಗೆ ಹೇರಿದ್ದೇನೆ. ಬೇಸಗೆಯಲ್ಲಾದರೆ ಒಂದು ರಾತ್ರಿ. ಈಗ ಜಡಿಮಳೆಯ ಆಟಿ ತಿಂಗಳು, ಎರಡು ದಿನ ಮುಟ್ಟುವ ಹಾಗಿಲ್ಲ.

ನಾಲ್ಕನೆಯದನ್ನು ಕಪಾಟಿನಿಂದ ತೆಗೆದಾಗ ಎದೆ ಧಸಕ್ ಎಂದಿತು. ಮೇಲಂಚಿಗೆ ಬೂಷ್ಟು ಹಿಡಿದಿದೆ. ಪಡು ಗೋಡೆಗೆ ತಾಗಿ ನಿಂತ ಕಪಾಟು, ಹೊರಗೆ ಗೋಡೆಗೆ ಇಡೀ ದಿನ ಎರಚಲು. ಗಾಳಿಯ ತೇವ ನೂರಕ್ಕೆ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು, ಇಲ್ಲಿ ಜುಲೈಯಲ್ಲಿ ಅದಕ್ಕಿಂತ ಕಡಿಮೆ ಯಾವಾಗ ಇರುತ್ತದೆ? ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಕಾಗದದೊಳಗೆ ಹೋಗುತ್ತದೆ. ಮೊದಲು ಫ್ಯಾನಿನ ಎದುರು ಪುಟ ಬಿಡಿಸಿಟ್ಟು ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಜಗಲಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಹೊರಮುಖವಾಗಿ ಕೊಡವಿದೆ. ಬಿಸಿಲು ಬಂದರೂ ಬಿಸಿಲಿಗೆ ಇಡಬಾರದು, ಕಾಗದ ಹಳದಿಯಾಗಿ ಮುರಿಯುತ್ತದೆ. ಕಪಾಟನ್ನು ಗೋಡೆಯಿಂದ ಮೂರು ಇಂಚು ಈಚೆಗೆ ಎಳೆದಾಯಿತು. ತೇವ ಹೀರುವ ಸಿಲಿಕಾ ಜೆಲ್ ತರಿಸಬೇಕು, ಕಿತ್ತಳೆ ಬಣ್ಣದ್ದು. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳು ಓಡಾಡುವ ಮನೆಗೆ ಆಗದು.

ಹೋಗುವಾಗ ನಾಲ್ಕನೆಯದನ್ನು ಹಿಡಿದುಕೊಂಡೇ ಹೋದಳು. ಮೂರನೆಯದು ಇಲ್ಲೇ ಮೇಜಿನ ಮೇಲೆ ಉಳಿದಿದೆ, ಈಗ ಕಂಡೆ. ಮಳೆ ಮತ್ತೆ ಹಿಡಿದಿದೆ. ಬೆಳಿಗ್ಗೆ ಹಾಲು ಕೊಡಲು ಹೋಗುವ ಅಣ್ಣನ ಕೈಯಲ್ಲಿ ಕಳಿಸೋಣವೆಂದರೆ, ಅವಳು ಇವತ್ತು ರಾತ್ರಿಯೇ ಶುರು ಮಾಡಿರುತ್ತಾಳೆ.