ಬಿಡಬೇಕಾದ ಚೆಂಡು

ಕಾರವಾರ
2025 ನವೆಂಬರ್ 16, ಭಾನುವಾರ

ಇವತ್ತು ಬೆಳಿಗ್ಗೆ ಮಕ್ಕಳಿಗೆ ಬೇಸ್‌ಬಾಲ್ ಬ್ಯಾಟಿಂಗ್ ಮಾತ್ರ ಎಂದು ಮೊದಲೇ ಹೇಳಿದ್ದೆ. ಹಾಗಾಗಿ ಕೋಡಿಬಾಗದಿಂದ, ಬೈತಖೋಲದಿಂದ ಎಲ್ಲರೂ ಟೈಮಿಗೆ ಸರಿಯಾಗಿ ಬಂದಿದ್ದರು. ಫೀಲ್ಡಿಂಗ್ ಅಂದರೆ ಅರ್ಧ ಜನ ಬರೋದೇ ಇಲ್ಲ. ಬ್ಯಾಟ್ ಕೈಗೆ ಸಿಗುತ್ತೆ ಅಂದರೆ ಚೆಂಡನ್ನು ಸಮುದ್ರಕ್ಕೇ ಮುಟ್ಟಿಸುವ ಉಮೇದು. ಆದರೆ ಮೊದಲ ಸುತ್ತಿನಲ್ಲಿ ಯಾರೂ ಹೊಡೆಯುವ ಹಾಗಿಲ್ಲ ಎಂದೆ. ಬ್ಯಾಟ್ ಹಿಡಿದು ನಿಲ್ಲಬೇಕು, ನಾನು ಎಸೆದ ಚೆಂಡು ನೋಡಬೇಕು, ಅದು ಸ್ಟ್ರೈಕೋ ಬಾಲೋ ಎಂದು ಕೂಗಿ ಹೇಳಬೇಕು. ಅಷ್ಟೇ.

ಯಾರಿಗೂ ಇಷ್ಟವಾಗಲಿಲ್ಲ. ಅದು ಸಹಜ. ಇವರೆಲ್ಲ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ಆರು ಓವರಿನ, ಎಂಟು ಓವರಿನ ಮ್ಯಾಚು. ಅಲ್ಲಿ ಒಂದು ಚೆಂಡು ಬಿಟ್ಟರೂ ದಂಡ, ಹೊರಗಿನಿಂದ ಬೈಗುಳ ಬೇರೆ. ಬೇಸ್‌ಬಾಲ್‌ನಲ್ಲಿ ಕೆಟ್ಟ ಚೆಂಡನ್ನು ಬಿಡುವುದಕ್ಕೆ ಬೆಲೆ ಇದೆ. ಸ್ಟ್ರೈಕ್ ಜೋನ್ ಎಂದರೆ ಬ್ಯಾಟರ್ ಎದುರಿನ ಒಂದು ಕಾಲ್ಪನಿಕ ಚೌಕಟ್ಟು. ಅದರ ಹೊರಗೆ ಹೋದ ಚೆಂಡನ್ನು ನೀವು ಬೀಸದೆ ಬಿಟ್ಟರೆ ಅದು ಬಾಲ್. ಅಂಥವು ನಾಲ್ಕು ಆದರೆ ನಡೆದುಕೊಂಡೇ ಫಸ್ಟ್ ಬೇಸ್‌ಗೆ, ಅಂದರೆ ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ನಿಲ್ದಾಣಕ್ಕೆ, ಹೋಗಬಹುದು. ಜೋನ್‌ನೊಳಗೆ ಬಂದದ್ದನ್ನು ಬಿಟ್ಟರೆ, ಇಲ್ಲವೇ ಬೀಸಿ ತಪ್ಪಿದರೆ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಬ್ಯಾಟರ್‌ನ ಇಡೀ ಬದುಕು ಈ ಮೂರು ಮತ್ತು ನಾಲ್ಕರ ನಡುವೆಯೇ. ಈ ಲೆಕ್ಕ ಶುರುವಿನಿಂದ ಹೀಗೇ ಇರಲಿಲ್ಲ. 1879ರಲ್ಲಿ ಒಂಬತ್ತು ಬಾಲ್ ಆಗಬೇಕಿತ್ತು. ಇಳಿಯುತ್ತಾ ಬಂದು ನಾಲ್ಕಕ್ಕೆ ನಿಂತದ್ದು 1889ರಲ್ಲಿ. ಅದಕ್ಕೂ ಸ್ವಲ್ಪ ಮುಂಚೆ ಬ್ಯಾಟರ್ ತನಗೆ ಎತ್ತರದ ಚೆಂಡು ಬೇಕೋ ತಗ್ಗಿನ ಚೆಂಡು ಬೇಕೋ ಎಂದು ಕೇಳಬಹುದಿತ್ತಂತೆ. 1887ರಲ್ಲಿ ಅದನ್ನೂ ತೆಗೆದರು. ಈಗ ಯಾರೂ ಕೇಳಿದ್ದು ಕೊಡಲ್ಲ, ಬಂದದ್ದರಲ್ಲಿ ಆರಿಸಿಕೊಳ್ಳಬೇಕು.

ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲೆ ಇರುವ ಹೋಮ್ ಪ್ಲೇಟನ್ನು ಹಳೇ ರಬ್ಬರ್ ಮ್ಯಾಟ್ ಕತ್ತರಿಸಿ ಮಾಡಿದ್ದೇನೆ. ಐದು ಮೂಲೆ. ಚೆಂಡು ಎಸೆಯುವ ಪಿಚರ್ ಕಡೆಗಿನ ಅಂಚು 17 ಇಂಚು, ಪಕ್ಕದ ಎರಡು ಅಂಚು ಎಂಟೂವರೆ ಇಂಚು, ಆಮೇಲೆ ಹಿಂದಕ್ಕೆ ಚೂಪಾಗಿ ಸೇರಬೇಕು. ಅಡ್ಡಕ್ಕೆ ಸ್ಟ್ರೈಕ್ ಜೋನ್ ಎಂದರೆ ಈ 17 ಇಂಚು. ಉದ್ದಕ್ಕೆ ಎಂದರೆ ಕೆಳಗೆ ಮಂಡಿಚಿಪ್ಪಿನ ಕೆಳಗಿನ ತಗ್ಗು, ಮೇಲೆ ಭುಜಕ್ಕೂ ಪ್ಯಾಂಟಿನ ಮೇಲಂಚಿಗೂ ಸರಿ ಮಧ್ಯ. ಚೆಂಡಿನ ಒಂದು ಚೂರು ಪ್ಲೇಟಿನ ಅಂಚಿನ ಮೇಲೆ ಹಾದರೂ ಸ್ಟ್ರೈಕ್. ಆದ್ದರಿಂದ ನಿಜವಾಗಿ ಕಾಯಬೇಕಾದ ಜಾಗ 17 ಇಂಚಿಗಿಂತ ಜಾಸ್ತಿ. ಎರಡೂ ಪಕ್ಕಕ್ಕೆ ಹತ್ತಿರ ಹತ್ತಿರ ಒಂದೊಂದು ಚೆಂಡಿನಷ್ಟು ಸೇರಿಸಿಕೊಳ್ಳಿ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಲೆಗೆ ಹೋಗಲ್ಲ. ಪ್ಲೇಟಿನ ಅಂಚಿಗೆ ಚೆಂಡನ್ನು ತಾಗಿಸಿ ಇಟ್ಟು ತೋರಿಸಿದ ಮೇಲೆ "ಅರೇ, ಇಷ್ಟು ಅಗಲ ಉಂಟಾ!" ಅಂದರು.

ನೆಲಕ್ಕೆ ಬಿದ್ದು ಪುಟಿದು ಬಂದ ಚೆಂಡು ಜೋನ್‌ನೊಳಗೆ ಹಾದರೂ ಅದು ಬಾಲ್. ಕ್ರಿಕೆಟ್ ಕಣ್ಣಿಗೆ ಇದು ವಿಚಿತ್ರ. ಬೇಕಾದರೆ ಅದನ್ನು ಹೊಡೆಯಬಹುದು, ನಿಯಮ ತಡೆಯಲ್ಲ. ಆದರೆ ಬಿಟ್ಟರೆ ಲಾಭ.

ಈ ಸುತ್ತಿನಲ್ಲಿ ಎಲ್ಲರಿಗಿಂತ ಸರಿಯಾಗಿ ಹೇಳಿದ್ದು ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ. ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡ. ಚೆಂಡು ನನ್ನ ಕೈ ಬಿಡುವ ಮೊದಲು ಅವಳ ಕಣ್ಣು ನನ್ನ ಮುಖದ ಮೇಲೆ ಇರೋದೇ ಇಲ್ಲ, ನೇರ ಮಣಿಕಟ್ಟಿನ ಮೇಲೆ. ಹೊರಮೂಲೆಯಲ್ಲಿ ಬೆರಳಗಲದಷ್ಟು ಆಚೆ ಹೋದದ್ದನ್ನೂ "ಬಾಲ್" ಎಂದಳು. ಎರಡನೇ ಸುತ್ತಿನಲ್ಲಿ ಹೊಡೆಯಲು ಬಿಟ್ಟಾಗಲೂ ಅವಳು ಆಸೆಗೆ ಬೀಳಲಿಲ್ಲ. ನಾಲ್ಕು ಬಾಲ್ ಬಿಟ್ಟು ಬ್ಯಾಟ್ ಕೆಳಗಿಟ್ಟು ಫಸ್ಟ್ ಬೇಸ್‌ಗೆ ನಡೆದಳು. ಹುಡುಗರು ಒಪ್ಪಲಿಲ್ಲ. "ಹೊಡೀದೇ ಹೋಗ್ಬಹುದಾ ಸರ್? ಅದೆಂತ ಆಟ?" ಅದೇ ಆಟ ಎಂದೆ. ಸ್ಟ್ರೈಕ್ ಜೋನ್ ಎಲ್ಲರಿಗೂ ಒಂದೇ ಅಲ್ಲ, ಬ್ಯಾಟರ್‌ನ ಮೈಗೆ ತಕ್ಕಂತೆ. ಗಿಡ್ಡ ಇದ್ದವರಿಗೆ ಜೋನ್ ಸಣ್ಣದು, ಪಿಚರ್‌ಗೆ ಅಷ್ಟೇ ಕಷ್ಟ. ಅಮೆರಿಕದ ಆಟಗಾರ ರಿಕಿ ಹೆಂಡರ್ಸನ್ ಚೆನ್ನಾಗಿ ಬಾಗಿ ನಿಲ್ಲುತ್ತಿದ್ದ, ಹೊಡೆಯುವ ಭಂಗಿಯೇ ಹಾಗಿದ್ದದ್ದರಿಂದ ಜೋನ್ ಕಿರಿದಾಗುತ್ತಿತ್ತು. ಅಲ್ಲಿನ ಎಲ್ಲಕ್ಕಿಂತ ದೊಡ್ಡ ಮಟ್ಟದ ಮೇಜರ್ ಲೀಗ್‌ನಲ್ಲಿ ಅವನು ಹೀಗೆ 2,190 ಸಲ ನಡೆದು ಬೇಸ್‌ಗೆ ಹೋಗಿದ್ದಾನೆ. ಹೋದ ಮೇಲೆ ಬೇಸ್ ಕದಿಯುವುದರಲ್ಲಿ (ಯಾರ ಹೊಡೆತಕ್ಕೂ ಕಾಯದೆ ಮುಂದಿನ ಬೇಸ್‌ಗೆ ಓಡುವುದರಲ್ಲಿ) ಅವನನ್ನು ಮೀರಿಸಿದವರು ಇಲ್ಲ, 1,406 ಬೇಸ್. ಆ ಹುಡುಗಿಗೆ ಇದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಇಷ್ಟು ದಿನ ಕ್ರಿಕೆಟ್ ಟೀಮಿನಲ್ಲಿ ಅವಳನ್ನು ಕೊನೆಗೆ ಆರಿಸುತ್ತಿದ್ದರು.

ಮೇಜರ್ ಲೀಗ್‌ನ ಹಳೇ ಬ್ಯಾಟರ್ ಟೆಡ್ ವಿಲಿಯಮ್ಸ್ ಬಗ್ಗೆಯೂ ಹೇಳಿದೆ. ಜೋನ್ ಅನ್ನು 77 ಚೆಂಡುಗಳ ಜಾಗವಾಗಿ ಹಂಚಿ, ಎಲ್ಲಿ ಬಂದರೆ ತನ್ನ ಸರಾಸರಿ ಎಷ್ಟಾಗಬಹುದು ಎಂದು ಅವನು ಲೆಕ್ಕ ಹಾಕಿದ್ದ. ನಡುವೆ ಬಂದರೆ .400 (ಅಂದರೆ ಹತ್ತು ಸಲಕ್ಕೆ ನಾಲ್ಕು ಹಿಟ್), ಕೆಳಗಿನ ಹೊರಮೂಲೆಯಲ್ಲಿ ಬಂದರೆ .230. ಅಂದರೆ ಸ್ಟ್ರೈಕ್ ಆಗುವ ಚೆಂಡುಗಳಲ್ಲೂ ಎಲ್ಲವೂ ಹೊಡೆಯಲು ಯೋಗ್ಯ ಅಲ್ಲ. ಎರಡು ಸ್ಟ್ರೈಕ್ ಆಗುವವರೆಗೆ ನಿಮ್ಮ ಜಾಗಕ್ಕೆ ಬಂದದ್ದನ್ನೇ ಹೊಡೆಯಿರಿ. 1941ರಲ್ಲಿ ಅವನ ಸರಾಸರಿ .406. ಆಮೇಲೆ ಪೂರ್ತಿ ಸೀಸನ್‌ನಲ್ಲಿ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂಬ ಎರಡು ಮೇಜರ್ ಲೀಗ್‌ಗಳ ಯಾವ ಬ್ಯಾಟರೂ .400 ಮುಟ್ಟಿಲ್ಲ. ಹತ್ತರಲ್ಲಿ ನಾಲ್ಕು ಹೊಡೆದವನು ದೊಡ್ಡವನಾಗುವ ಆಟ ಇದು. ಮಕ್ಕಳಿಗೆ ಇದು ಗೊತ್ತಿರಬೇಕು, ಇಲ್ಲದಿದ್ದರೆ ಎರಡು ಸಲ ಔಟಾದ ಕೂಡಲೇ ಅಳುಮುಖ.

ಬೇಗ ನಿರ್ಧರಿಸಬೇಕಾದ ಕಾರಣ ದೂರ ಮತ್ತು ವೇಗ. ಪಿಚರ್‌ನ ಹಲಗೆಯಿಂದ ಪ್ಲೇಟಿಗೆ 60 ಅಡಿ 6 ಇಂಚು, 1893ರಿಂದ ಅಷ್ಟೇ. ಗಂಟೆಗೆ 145 ಕಿಲೋಮೀಟರ್ ವೇಗದ ಚೆಂಡು ಕೈ ಬಿಟ್ಟ ಮೇಲೆ ಸುಮಾರು 0.4 ಸೆಕೆಂಡಿನಲ್ಲಿ ಪ್ಲೇಟಿಗೆ ಬರುತ್ತದೆ. ಬ್ಯಾಟ್ ಬೀಸುವುದಕ್ಕೇ 0.15 ಸೆಕೆಂಡ್ ಹತ್ತಿರ ಬೇಕು. ಉಳಿದದ್ದರಲ್ಲಿ ನೋಡಬೇಕು, ಬೇಕೋ ಬೇಡವೋ ಹೇಳಬೇಕು. ನಾನು ಮಕ್ಕಳಿಗೆ ಎಸೆಯುವುದು ಅದರ ಅರ್ಧ ವೇಗವೂ ಇಲ್ಲ. ಆದರೆ ಹತ್ತಿರದಿಂದ ಎಸೆಯುತ್ತೇನೆ.

ಹೊಡೆಯುವ ಸುತ್ತಿಗೆ ಬಂದಾಗ ಕ್ರಿಕೆಟ್ ಚಾಳಿಗಳು ಒಂದೊಂದೇ ಹೊರಗೆ ಬಂದವು. ಬ್ಯಾಟನ್ನು ನೆಲಕ್ಕೆ ತಟ್ಟುವುದು. ಮುಂದಿನ ಮೊಣಕೈ ಎತ್ತಿ ನೇರ ಬ್ಯಾಟಿನಲ್ಲಿ ತಳ್ಳುವುದು. ಕ್ರಿಕೆಟ್ ಬ್ಯಾಟಿನ ಮುಖ ಚಪ್ಪಟೆ, ನಾಲ್ಕೂಕಾಲು ಇಂಚು ಅಗಲ. ಇದು ದುಂಡು ಮರ, ದಪ್ಪ ಇರುವ ಕಡೆ ಹೆಚ್ಚೆಂದರೆ 2.61 ಇಂಚು. ಚೆಂಡಿನ ನಡುವಿಗಿಂತ ಸ್ವಲ್ಪ ಕೆಳಗೆ ತಾಗಿದರೆ ಮೇಲಕ್ಕೆ ಹಾರುತ್ತದೆ, ಸ್ವಲ್ಪ ಮೇಲೆ ತಾಗಿದರೆ ನೆಲಕ್ಕೆ ಬಡಿಯುತ್ತದೆ.

ಹಿಡಿತ ಸರಿ ಮಾಡಲು ಜಾಸ್ತಿ ಹೊತ್ತು ಹಿಡಿಯಿತು. ಬ್ಯಾಟ್ ಅಂಗೈಯಲ್ಲಿ ಹುದುಗಬಾರದು, ಬೆರಳುಗಳಲ್ಲಿ ಇರಬೇಕು. ಬಾಗಿಲು ತಟ್ಟುವಾಗ ತಾಗುವ ನಡುಗೆಣ್ಣುಗಳು ಎರಡೂ ಕೈಯಲ್ಲಿ ಒಂದೇ ಸಾಲಿಗೆ ಬರಬೇಕು. ಗಟ್ಟಿಯಾಗಿ ಹಿಂಡಿದರೆ ಮಣಿಕಟ್ಟು ಬಿಗಿಯುತ್ತೆ. ಕಾಲು ಭುಜಕ್ಕಿಂತ ಚೂರು ಅಗಲ, ಮಂಡಿ ಸಡಿಲ, ಭಾರ ಹಿಂಗಾಲಿನ ಮೇಲೆ, ಕೈ ಹಿಂದಿನ ಭುಜದ ಹತ್ತಿರ. ಮುಂಗಾಲು ಸಣ್ಣ ಹೆಜ್ಜೆ ಇಡುವಾಗ ಕೈ ಮುಂದಕ್ಕೆ ಬರಬಾರದು. ಇಲ್ಲೇ ಎಲ್ಲರೂ ಕೆಡುವುದು. ಹೆಜ್ಜೆಯ ಜೊತೆಗೇ ಕೈಯೂ ಹೋಗಿಬಿಟ್ಟರೆ ಬೀಸಲು ಶಕ್ತಿಯೇ ಉಳಿಯಲ್ಲ.

ಬೈತಖೋಲದ ಒಬ್ಬ ಹುಡುಗನಿಗೆ ತೋಳಿನಲ್ಲಿ ಬಲ ಚೆನ್ನಾಗಿದೆ. ಆದರೆ ಬರೀ ತೋಳಿನಲ್ಲೇ ಹೊಡೆಯುತ್ತಾನೆ, ಚೆಂಡು ಪಿಚರ್ ದಾಟಲ್ಲ. ಅಪ್ಪನ ಜೊತೆ ಬೀಸುಬಲೆ ಎಸೆದು ಗೊತ್ತಲ್ಲ, ಬಲೆ ಇಲ್ಲದೆ ಸುಮ್ನೆ ಎಸೆದು ತೋರಿಸು ಎಂದೆ. ತೋರಿಸಿದ. ಮೊದಲು ಸೊಂಟ ತಿರುಗಿತು, ಆಮೇಲೆ ಭುಜ, ಕೊನೆಗೆ ಕೈ. ಹಿಂದಿನ ಹಿಮ್ಮಡಿ ತಾನಾಗೇ ಎದ್ದಿತ್ತು. "ಕೈಯಲ್ಲಿ ಎಸೆದ್ರೆ ಬಲೆ ಬಿಚ್ಚೋದಿಲ್ಲ ಸರ್, ಮುದ್ದೆಯಾಗಿ ಬೀಳ್ತದೆ" ಎಂದು ಅವನೇ ವಿವರಿಸಿದ. ಅದನ್ನೇ ಬ್ಯಾಟ್ ಹಿಡಿದು ಮಾಡು ಎಂದೆ. ಎರಡು ಸಲ ಗಾಳಿಗೆ ಬೀಸಿದ. ಮುಂದಿನದು ಸರಿಯಾಗಿ ಕೂತಿತು. ತಾಗಿದ ಗಳಿಗೆಯಲ್ಲಿ ಮೇಲಿನ ಅಂಗೈ ಆಕಾಶಕ್ಕೆ, ಕೆಳಗಿನ ಅಂಗೈ ನೆಲಕ್ಕೆ. ಪುಸ್ತಕದಲ್ಲಿ ಚಿತ್ರ ಹಾಕುವಂತಿತ್ತು. ಚೆಂಡು ನನ್ನ ತಲೆಯ ಮೇಲಿಂದ ಹೋಗಿ ಮೈದಾನದ ಆಚೆಯ ಗೋಡೆಗೆ ಬಡಿಯಿತು.

ಮೈ ಹತ್ತಿರ ಒಳಗೆ ಬಂದ ಚೆಂಡನ್ನು ಪ್ಲೇಟಿಗಿಂತ ಮುಂದೆಯೇ ತಾಗಿಸಬೇಕು, ಮೈಯಿಂದ ದೂರ ಹೊರಗೆ ಬಂದದ್ದನ್ನು ಇನ್ನೂ ಹಿಂದಕ್ಕೆ ಬರಗೊಟ್ಟು ಎದುರು ಬದಿಗೆ ಕಳಿಸಬೇಕು. ಇದನ್ನು ಇನ್ನೊಂದು ದಿನ ನಿಧಾನವಾಗಿ ಮಾಡಿಸಬೇಕು.

ಫೌಲ್ ವಿಷಯಕ್ಕೆ ದೊಡ್ಡ ಜಗಳ ಆಯಿತು. ಪ್ಲೇಟಿನಿಂದ ಹೊರಟ ಎರಡು ಗೆರೆಗಳ ನಡುವೆ ಮಾತ್ರ ಆಟ, ಅದರಾಚೆ ಹೊಡೆದದ್ದು ಫೌಲ್. ಲೇಟ್ ಕಟ್, ಗ್ಲಾನ್ಸ್, ಸ್ಕೂಪ್ ಎಲ್ಲ ಇಲ್ಲಿ ಫೌಲ್. ಹಿಂದಕ್ಕೆ ಚಂದ ತಿರುಗಿಸಿದವನೊಬ್ಬ ರನ್ ಕೇಳಿದ, ಸಿಕ್ಕಿದ್ದು ಸ್ಟ್ರೈಕ್. ಅದಕ್ಕೇ ಕೋಪ. ಎರಡು ಸ್ಟ್ರೈಕ್ ಆದ ಮೇಲೆ ಫೌಲ್ ಹೊಡೆದರೆ ಮೂರನೆಯದು ಎಣಿಸಲ್ಲ, ಸರದಿ ಮುಂದುವರಿಯುತ್ತದೆ ಎಂದಾಗ ಪಿಚ್ ಮಾಡಲು, ಅಂದರೆ ಚೆಂಡು ಎಸೆಯಲು, ಕಾಯುತ್ತಿದ್ದವನಿಗೆ ಕೋಪ. "ಹಾಗಾದ್ರೆ ಇಡೀ ದಿನ ಫೌಲ್ ಹೊಡೀತಾ ಇರ್ಬಹುದಲ್ಲ!" ಇರಬಹುದು, ಹೊಡೆಯಲು ಬಂದರೆ. 2018ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಬ್ರ್ಯಾಂಡನ್ ಬೆಲ್ಟ್ ಒಂದೇ ಸರದಿಯಲ್ಲಿ 21 ಪಿಚ್ ಎದುರಿಸಿದ್ದ. ಕೊನೆಗೆ ಕ್ಯಾಚ್ ಔಟ್. ಔಟಾದರೂ ಪಿಚರ್‌ನ ಕೈ ಸೋಲಿಸಿದ್ದು ಅವನ ಟೀಮಿಗೆ ಲಾಭವೇ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವ ನಿಯಮ ಇದು. ಹಿಂದೆ ಬಿದ್ದವನಿಗೂ ಹಟ ಹಿಡಿಯಲು ಜಾಗ ಕೊಡುತ್ತದೆ. ಆಗ ಬ್ಯಾಟನ್ನು ಒಂದೆರಡು ಇಂಚು ಮೇಲೆ ಹಿಡಿಯಬೇಕು, ಬೀಸು ಸಣ್ಣದಾಗಬೇಕು, ಜೋನ್ ಹತ್ತಿರ ಬಂದದ್ದನ್ನೆಲ್ಲ ತಾಗಿಸಬೇಕು. ಫೌಲ್ ಚೆಂಡು ನೆಲ ಮುಟ್ಟುವ ಮೊದಲು ಕ್ಯಾಚ್ ಆದರೆ ಮಾತ್ರ ಔಟೇ, ಅದರಲ್ಲಿ ರಿಯಾಯಿತಿ ಇಲ್ಲ.

ಗೆರೆಯೊಳಗೆ ತಾಗಿದರೆ ಓಡಲೇಬೇಕು. ಕ್ರಿಕೆಟ್‌ನ ಹಾಗೆ ತಾಗಿಸಿ ನಿಂತು ನೋಡುವ ಹಾಗಿಲ್ಲ. ಬ್ಯಾಟ್ ಬಿಟ್ಟು ಓಡಿ, ಎಸೆದು ಓಡಬೇಡಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಫಸ್ಟ್ ಬೇಸ್ ಮುಟ್ಟಿ ನೇರ ದಾಟಿ ಹೋದರೂ ಔಟಿಲ್ಲ, ಹಾಗಾಗಿ ಅಲ್ಲಿ ವೇಗ ತಗ್ಗಿಸಬಾರದು. ಇನ್ನೊಂದು, ಹೊಡೆಯುವಾಗ ಒಂದು ಪಾದ ಪೂರ್ತಿ ಬ್ಯಾಟರ್ಸ್ ಬಾಕ್ಸ್‌ನ ಹೊರಗೆ ನೆಲದ ಮೇಲಿದ್ದರೆ ಔಟ್. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಸುಣ್ಣದ ಗೆರೆ. ಮುಂದೆ ನುಗ್ಗಿ ಹೊಡೆಯುವ ಅಭ್ಯಾಸ ಇದ್ದವರಿಗೆ ಇದು ತೊಂದರೆ.

ಹೆಲ್ಮೆಟ್ ಇಲ್ಲದೆ ಬಾಕ್ಸ್‌ಗೆ ಕಾಲಿಡಲು ನಾನು ಬಿಡಲ್ಲ. ಟೆನಿಸ್ ಬಾಲ್ ಬಿಟ್ಟು ಗಟ್ಟಿ ಚೆಂಡಿಗೆ ಬಂದ ಮೇಲಂತೂ ಖಂಡಿತ ಇಲ್ಲ. ಸೆಖೆ ಆಗುತ್ತೆ, ಬೆವರುತ್ತೆ, ನೆಪ ಬೇಡ. 1920ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ಟೀಮಿನ ರೇ ಚಾಪ್ಮನ್ ತಲೆಗೆ ಪಿಚ್ ಬಡಿದು ಮರುದಿನ ತೀರಿಕೊಂಡ. ಹಾಗಿದ್ದೂ ಮೇಜರ್ ಲೀಗ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾಗಲು 1971 ಬರಬೇಕಾಯಿತು. ಚೆಂಡು ಮೈಗೆ ಬಡಿದರೆ ಫಸ್ಟ್ ಬೇಸ್ ಸಿಗುತ್ತದೆ ನಿಜ, ಆದರೆ ತಪ್ಪಿಸಿಕೊಳ್ಳಲು ನೋಡಿರಬೇಕು, ಬೀಸಿರಬಾರದು. ಬೇಸ್ ಆಸೆಗೆ ಮೈಯೊಡ್ಡಿದರೆ ಅಂಪೈರ್ ಕೊಡಲ್ಲ. ಒಳಕ್ಕೆ ಬಂದ ಚೆಂಡಿಗೆ ಮುಖವನ್ನು ಹಿಂದಕ್ಕೆ, ಪ್ಲೇಟಿನ ಹಿಂದೆ ಕೂರುವ ಕ್ಯಾಚರ್ ಕಡೆಗೆ ತಿರುಗಿಸಿ ಬೆನ್ನು ಕೊಡುವುದನ್ನು ಮೆತ್ತನೆ ಚೆಂಡಿನಲ್ಲಿ ಎಲ್ಲರಿಗೂ ಮಾಡಿಸಿದೆ. ಎದೆ ತೆರೆದು ಹಿಂದೆ ಜಿಗಿಯುವವರೇ ಜಾಸ್ತಿ. ಇದು ಮೈಗೆ ಹತ್ತುವವರೆಗೆ ವೇಗ ಹೆಚ್ಚಿಸಲ್ಲ.

ಮುಂದಿನ ಭಾನುವಾರ ಬಂಟ್, ಅಂದರೆ ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ತಾಗಿಸುವುದು. ಬ್ಯಾಟನ್ನು ಮೇಲೆ ಹಿಡಿಯುವ ಕೈಯ ಬೆರಳು ಚೆಂಡು ತಾಗುವ ಕಡೆ ಚಾಚಿರಬಾರದು, ಹಿಂದೆ ಅಡಗಿರಬೇಕು. ಎರಡು ಸ್ಟ್ರೈಕ್ ಇದ್ದಾಗ ಬಂಟ್ ಮಾಡಲು ಹೋಗಿ ಫೌಲ್ ಆದರೆ ಅದು ಮೂರನೇ ಸ್ಟ್ರೈಕ್, ಔಟ್. ಫೌಲ್ ನಿಯಮವನ್ನು ಇವತ್ತಷ್ಟೇ ಬಾಯಿಪಾಠ ಮಾಡಿಕೊಂಡ ಮಕ್ಕಳು ಇದನ್ನು ಕೇಳಿ ಮತ್ತೆ ಜಗಳಕ್ಕೆ ನಿಲ್ಲುತ್ತಾರೆ, ಗೊತ್ತು. ನಿಲ್ಲಲಿ. ನಿಯಮಕ್ಕೆ ಜಗಳ ಆಡುವ ಮಕ್ಕಳು ಅದನ್ನು ಮರೆಯಲ್ಲ. ಸುಣ್ಣದ ಪುಡಿ ಖಾಲಿಯಾಗಿದೆ, ಶನಿವಾರದೊಳಗೆ ತಂದಿಡಬೇಕು.