ಮಗಳ ಬಾಣಂತನ ಮತ್ತು ಷೆಂಗೆನ್ ಲೆಕ್ಕ

ಜರ್ಮನಿಯ ಮ್ಯೂನಿಕ್‌ನಲ್ಲಿರೋ ಮಗಳ ಬಾಣಂತನಕ್ಕೆ ಹೋಗಲು ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಬಂದಿದೆ ಅಂದ ಕೂಡಲೇ ಪಕ್ಕದ ಮನೆಯಾಕೆ, "ಹಾಗಾದ್ರೆ ಮ್ಯೂನಿಕ್‌ನಲ್ಲೇ ಇದ್ದು ಮಗು ನಡೆಯೋದನ್ನೂ ನೋಡ್ಕೊಂಡು ಬನ್ನಿ" ಅಂದರು. ಅವರ ಮಗ ಇರೋದು ಅಮೆರಿಕದಲ್ಲಿ. ಅಲ್ಲಿ ಹತ್ತು ವರ್ಷದ ವೀಸಾ ಇದ್ದರೂ ಎಷ್ಟು ದಿನ ಇರಬಹುದು ಅನ್ನೋದನ್ನು ಇಳಿದ ಏರ್‌ಪೋರ್ಟಿನ ಅಧಿಕಾರಿ ತೀರ್ಮಾನಿಸುತ್ತಾನೆ. ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಜರ್ಮನಿ ಮೊದಲಾದ ಯುರೋಪಿನ ದೇಶಗಳ ಗುಂಪಿನಲ್ಲಿ, ಆ ಉದಾರತನ ಇಲ್ಲ. ವೀಸಾ ಅವಧಿಯೊಳಗೆ ಎಷ್ಟು ಸಲ ಬೇಕಾದರೂ ಹೋಗಿ ಬನ್ನಿ, ಆದರೆ ಯಾವ 180 ದಿನ ತೆಗೆದುಕೊಂಡರೂ ಒಳಗಿದ್ದದ್ದು ಒಟ್ಟು 90 ದಿನ ದಾಟಬಾರದು.

ಈ 180 ದಿನ ಜನವರಿ-ಜೂನ್ ಅಂತ ಗೆರೆ ಎಳೆದಿಟ್ಟ ಅರ್ಧ ವರ್ಷ ಅಲ್ಲ. ಅಲ್ಲಿರುವ ಪ್ರತಿದಿನವೂ, ಆ ದಿನವನ್ನೂ ಸೇರಿಸಿ, ಹಿಂದಕ್ಕೆ 180 ಎಣಿಸಬೇಕು. ಸೂತಕದ ಲೆಕ್ಕದ ಹಾಗೆ ಇಳಿದ ದಿನವೂ ಸೇರಿತು, ಹೊರಟ ದಿನವೂ ಸೇರಿತು. 2026ರ ಜನವರಿ 1ಕ್ಕೆ ಹೋಗಿ ಮಾರ್ಚ್ 31ಕ್ಕೆ ಹೊರಟರೆ 90 ಮುಗಿಯಿತು; ಮತ್ತೆ ಕಾಲಿಡಬಹುದಾದದ್ದು ಜೂನ್ 30ಕ್ಕೆ. ನಡುವೆ ಸ್ವಿಟ್ಜರ್ಲೆಂಡ್‌ಗೆ ಹೋದ ದಿನಗಳೂ ಎಣಿಕೆಗೆ ಬರುತ್ತವೆ, ಅದೂ ಷೆಂಗೆನ್ನೇ. ಲಂಡನ್‌ಗೆ ಹೋದರೆ ಪೂರ್ತಿ ಅಲ್ಲಿದ್ದ ದಿನಗಳು ಬಿಟ್ಟು ಹೋಗುತ್ತವೆ ಅಷ್ಟೇ, ಎಣಿಕೆ ಮೊದಲಿನಿಂದ ಶುರುವಾಗಲ್ಲ. ಅಳಿಯಂದಿರು ಐರೋಪ್ಯ ಒಕ್ಕೂಟದ ಕ್ಯಾಲ್ಕುಲೇಟರ್ ತೆರೆದು ಕೂತರು. ನಾನು ಗೋಡೆಯ ಕ್ಯಾಲೆಂಡರಿನಲ್ಲೇ ಪೆನ್ಸಿಲ್ ಗುರುತು ಹಾಕಿದೆ. ಇಬ್ಬರದೂ ತಾಳೆಯಾಯಿತು.

ಪ್ರವಾಸಕ್ಕೆ 90 ದಿನ ಧಾರಾಳ. ಬಾಣಂತನಕ್ಕೆ? ಡಾಕ್ಟರು ಕೊಟ್ಟ ತಾರೀಖಿಗಿಂತ ಮೂರು ವಾರ ಮೊದಲೇ ಹೋದರೆ ಆ ಮೂರು ವಾರ ಆಚೆ ಕಡೆಯಿಂದ ಕಳೆಯಿತು. ತಡವಾಗಿ ಹೋದರೆ, ಮಗು ಅವಸರ ಮಾಡಿದರೆ, ಮಗಳು ಒಬ್ಬಳೇ. ನಮ್ಮ ಕಡೆ ಮೂರು ತಿಂಗಳು ಬಾಣಂತಿ ಕೆಲಸ ಮುಟ್ಟೋ ಹಾಗಿಲ್ಲ ಅನ್ನುತ್ತೇವೆ. ಆ ಮೂರು ತಿಂಗಳು ಶುರುವಾಗೋದು ಹೆರಿಗೆಯಾದ ಮೇಲೆ, ವಿಮಾನ ಇಳಿದ ಮೇಲೆ ಅಲ್ಲ.

ಒಂದೆರಡು ದಿನ ಹೆಚ್ಚಾದರೆ ಯಾರು ನೋಡ್ತಾರೆ ಅನ್ನೋರೂ ಇದ್ದಾರೆ. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಹಂತಹಂತವಾಗಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ವ್ಯವಸ್ಥೆ ಬಂದಿದೆ. ಪಾಸ್‌ಪೋರ್ಟಿನ ಮುದ್ರೆ ಮಸುಕಾಗಿತ್ತು ಅನ್ನೋ ಕಾಲ ಹೋಯಿತು. ಮುಂದಿನ ವೀಸಾ ಕೆಡಿಸಿಕೊಳ್ಳುವಷ್ಟು ಧೈರ್ಯ ನನಗಿಲ್ಲ.

ಲೆಕ್ಕ ಆಯಾ ವ್ಯಕ್ತಿಗೆ ಪ್ರತ್ಯೇಕ ಅನ್ನೋದೇ ನಮಗೆ ಒದಗಿದ್ದು. ಮೊದಲ ಪಾಳಿ ನನ್ನದು. ನಾನು ಹೊರಡುವ ಹಿಂದಿನ ವಾರ ಬೀಗಿತ್ತಿ ಬಂದಿಳಿಯುತ್ತಾರೆ, ಅವರ 90 ಆಗ ಶುರು. ಅಂಟಿನುಂಡೆಗೆ ಬೆಲ್ಲ ಎಷ್ಟು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಒಮ್ಮತ ಇಲ್ಲ. ಆ ಒಂದು ವಾರ ಅಡುಗೆಮನೆ ಯಾರದು ಅನ್ನೋದನ್ನು ಮಗಳೇ ತೀರ್ಮಾನಿಸಲಿ ಅಂತ ಬಿಟ್ಟಿದ್ದೇವೆ.